ಮಾವನ ಮಡಿಲಲ್ಲಿ ಕಿವಿ ಚುಚ್ಚಿಸಿಕೊಂಡ ದಿನ

ಸೀಬೆ ಎಲೆ ಹಿಸುಕಿದರೆ ಈಗಲೂ ನನಗೆ ಮಾವನ ನೆನಪು.

ನನಗೆ ಐದು ವರ್ಷ. ಕಿವಿ ಚುಚ್ಚುವಾಗ ಮಗು ಸೋದರಮಾವನ ಮಡಿಲಲ್ಲೇ ಕೂರಬೇಕು. ಸಾಸಲಿನ ಅಜ್ಜಿ ಮನೆ ತುಂಬ ನೆಂಟರು. ಮಾವ ವಾಸನೆ ಮುಚ್ಚಲು ಸೀಬೆ ಎಲೆ ಅಗಿಯುತ್ತಾ ಹಿತ್ತಲಿನಿಂದ ಬಂದ. ಅಜ್ಜಿಗೆ ಗೊತ್ತಾಗಿಬಿಟ್ಟಿತು.

"ಇವತ್ತೂ ಕುಡಿದ್ಯೇನೋ?"

"ಇಷ್ಟು ಜನಾನ ನೋಡಿ ಎದೆ ಡವಡವ ಅಂತು ಕಣವ್ವ. ಕೈ ನಡುಗಬಾರ್ದು ಅಂತ ಒಂಚೂರು..."

"ನೀನು ಕೂರ್ಬೇಡ. ನಿನ್ ತಮ್ಮ ಕೂತ್ಕೊಳ್ಲಿ."

ಮಾವ ತಲೆ ತಗ್ಗಿಸಿ ಹೊರಟ. ನಾನು ಓಡಿ ಅವನ ಪಂಚೆ ಹಿಡಿದೆ. "ಈ ಮಾವನೇ ಬೇಕು!"

ಅಜ್ಜಿ ಮಾವನಿಗೇ ಮಣೆ ಹಾಕಿದಳು. ಕುಡಿದಿದ್ದರೂ ಮಾವನ ಕೈ ನಡುಗುತ್ತಲೇ ಇತ್ತು. ನನ್ನ ತಲೆ ಹಿಡಿಯಬೇಕಿದ್ದ ಆ ಕೈಯನ್ನು ನಾನೇ ಹಿಡಿದುಕೊಂಡೆ. ಅಕ್ಕಸಾಲಿ ಆಚಾರಿ ನನ್ನ ಕಿವಿಗೆ ತಂತಿ ಚುಚ್ಚಿದಾಗ ಮಾವನೇ "ಅವ್ವಾ" ಎಂದ.

ಆಚಾರಿ ನಕ್ಕರು. "ಕಿವಿ ಯಾರ್ದಪ್ಪಾ ಇದು?"

ನಾನು ಮಾತ್ರ ಮಾವನ ಕಡೆ ತಿರುಗಿ ಹೇಳಿದೆ, "ಆಗೋಯ್ತು ಮಾವ, ಇನ್ನೊಂದೇ."