ಬೋರ್ಡಿಗೊಂದು ಹೊಲಿಗೆ

ಅಂಗಡಿಯ ಹೊಸ ಬೋರ್ಡಿನಲ್ಲಿ ತಮ್ಮ ಹೆಸರು ದಾರದಲ್ಲಿ ಹೊಲಿದಂತೆಯೇ ಕಾಣಬೇಕೆಂದು ಟೈಲರ್ ಮಾಸ್ಟರು ಹಟ ಹಿಡಿದಿದ್ದರು. ಫ್ಲೆಕ್ಸ್ ಅಂಗಡಿಯ ಶಾರ್ವರಿ ಕಂಪ್ಯೂಟರಿನಲ್ಲಿ ಅಕ್ಷರಗಳ ಅಂಚಿಗೆ ತುಂಡು ಗೆರೆ ಎಳೆದು, ತುದಿಗಳನ್ನು ದುಂಡಗೆ ಮಾಡಿ, ಕೆಳಗೆ ನೆರಳನ್ನೂ ಕೊಟ್ಟಳು.

“ಇದು ಹೊಲಿಗೆ ಅಲ್ಲಮ್ಮ, ಇರುವೆ ಸಾಲು,” ಎಂದರು ಮಾಸ್ಟರು.

ಅವಳು ಗೆರೆಗಳನ್ನು ತುಸು ಓರೆ ಮಾಡಿ, ಸೂಜಿಯ ತೂತುಗಳನ್ನೂ ಇಟ್ಟಳು.

“ಈಗ ಅಕ್ಕಿಕಾಳು ಅಂಟಿಸಿದ ಹಾಗಿದೆ.”

ಶಾರ್ವರಿಗೆ ಒಳಗೊಳಗೇ ಉರಿಯಿತು. ಮರುದಿನ ಮಾಸ್ಟರು ಬರುತ್ತಲೇ ಪರದೆಯನ್ನು ಅವರತ್ತ ತಿರುಗಿಸಿದಳು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

“ಥೂ, ಇದು ಎಲ್ಲಕ್ಕಿಂತ ಕಡೆ. ಒಂದು ಉದ್ದ, ಒಂದು ಗಿಡ್ಡ, ದಾರ ಬೇರೆ ಸಡಿಲ. ಇಂಥ ಹೊಲಿಗೆ ಹಾಕೋನ ಅಂಗಡಿಗೆ ಯಾರಮ್ಮ ಬರ್ತಾರೆ?”

“ನಾನೇ ಬಂದಿದ್ದೆ, ಮಾಸ್ಟ್ರೇ. ಇದು ಬಿಡಿಸಿದ್ದಲ್ಲ, ಹಬ್ಬಕ್ಕೆ ನೀವು ಹೊಲಿದುಕೊಟ್ಟ ನನ್ನ ಬ್ಲೌಸಿನ ಹೊಲಿಗೆಯ ಫೋಟೋ.”