ಗುಜರಿಗೆ ಹೋಗದ ಲೇತ್

ಹಸಿರು ಗುಂಡಿ ಒತ್ತುವಾಗ ಅವಳ ಬೆರಳು ಒಂದು ಕ್ಷಣ ತಡೆದು ನಿಂತಿತು. ಗುಜರಿಗೆ ಹೊರಟಿದ್ದ, ಉಕ್ಕು ಕಡೆಯುವ ಈ ಹಳೇ ಲೇತ್ ಯಂತ್ರವನ್ನು, "ನಾನು ಹೊಸದರ ಹಾಗೆ ಮಾಡಿಕೊಡ್ತೀನಿ ಸಾರ್" ಎಂದು ಕಾರ್ಖಾನೆ ಮಾಲೀಕರಿಂದ ಕೇಳಿ ಪಡೆದವಳು ಅವಳೇ. "ಕೈಕೊಟ್ರೆ ನಮ್ಮ ರಿಪೇರಿ ಶೆಡ್ಡಿನ ಹೆಸರು ಮಣ್ಣುಪಾಲು ಕಣಮ್ಮ" ಎಂದು ಅಪ್ಪ ಎಚ್ಚರಿಸಿದ್ದರು. ಈಗ ಕಾರ್ಖಾನೆಯಲ್ಲಿ, ಮಾಲೀಕರ ಎದುರು, ಅವರೂ ಗೋಡೆಗೆ ಒರಗಿ ನಿಂತಿದ್ದರು.

ಲೇತ್ ತಿರುಗತೊಡಗಿತು. ಅವಳು ಹೊಸದಾಗಿ ಕೂರಿಸಿದ, ಅಳತೆ ತೋರಿಸುವ ಪರದೆಯ ಮೇಲೆ ಅಂಕಿಗಳು ಓಡಿದವು, ಉಕ್ಕಿನ ಸಿಪ್ಪೆ ಸುರುಳಿ ಸುರುಳಿಯಾಗಿ ಕೆಳಗೆ ಬಿತ್ತು. ಕಾರ್ಖಾನೆಯ ತಪಾಸಣೆಯವನು ಕಡೆದ ಸರಳನ್ನು ಮೈಕ್ರೋಮೀಟರಿನಲ್ಲಿ ಅಳೆದ. ನಂಬಿಕೆ ಬಾರದೆ, ತಿರುಗಿಸಿ ಮತ್ತೆ ಅಳೆದ.

"ಸಾರ್, ಈ ತುದಿಯಿಂದ ಆ ತುದಿವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಎಂದ.

ಮಾಲೀಕರು ಇನ್ನೂ ಬೆಚ್ಚಗಿದ್ದ ಸರಳನ್ನು ಕೈಗೆತ್ತಿಕೊಂಡು, ಅಭ್ಯಾಸಬಲದಿಂದ ಅಪ್ಪನ ಕಡೆಗೇ ತಿರುಗಿದರು. "ಪರವಾಗಿಲ್ಲ ಯಜಮಾನ್ರೇ, ನಿಮ್ಮ ಕೈಚಳಕ ಇನ್ನೂ ಹಾಗೇ ಇದೆ."

ಅಪ್ಪ ಗೋಡೆ ಬಿಟ್ಟು ನೆಟ್ಟಗೆ ನಿಂತರು. ಪಕ್ಕದ ಯಂತ್ರದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ನಂದೇನೂ ಇಲ್ಲ ಸಾರ್. ಪೂರ್ತಿ ಕೆಲಸ ನನ್ನ ಮಗಳದ್ದು. ನಾನು ಗೊಣಗ್ತಾ ಟಾರ್ಚ್ ಹಿಡ್ಕೊಂಡಿದ್ದೆ, ಅಷ್ಟೇ."