ಗುರುತಿನ ಕಲ್ಲು

ಲೈಟ್ ರೈಲಿನ ದಾರಿ ಗುರುತಿಸಲು ಬಂದ ಎಂಜಿನಿಯರ್, ಪುಟ್ಟಗೌರಮ್ಮನ ಮನೆ ಮುಂದೆ ಸರ್ವೆ ಕಲ್ಲು ನೆಡಿಸಿ, "ನಿಮ್ಮ ಜಗಲಿ ಹೋಗುತ್ತಮ್ಮ" ಎಂದು ಹೇಳಿ ಹೋದ. ಇಡೀ ಬೀದಿಯ ಆಗುಹೋಗುಗಳನ್ನು ಕೂತಲ್ಲೇ ವಿಚಾರಿಸಿಕೊಳ್ಳುವ ಜಗಲಿ ಅದು. ಬಿಟ್ಟುಕೊಡುವುದುಂಟೇ?

ಬೆಳಿಗ್ಗೆ ರಂಗೋಲಿ ಹಾಕಿದವಳೇ ಕಲ್ಲಿಗೆ ನೀರು ಹೊಯ್ದು, ಅರಿಶಿನ ಬಳಿದು, ಕುಂಕುಮವಿಟ್ಟು, ದಾಸವಾಳ ಮುಡಿಸಿದಳು.

ಮುಂದಿನ ವಾರ ಬಂದ ಎಂಜಿನಿಯರ್ ಕಂಗಾಲಾದ. "ಏನಮ್ಮಾ ಇದು? ನಾನು ನೆಡಿಸಿದ ಕಲ್ಲು!"

"ನೆಡಿಸಿದ್ದು ನೀವೇ ಇರಬೌದು ಸ್ವಾಮಿ. ಬಂದು ನೆಲೆಸಿರೋದು ತಾಯಿ. ಧೈರ್ಯ ಇದ್ರೆ ಕೀಳಿ, ನೋಡೋಣ."

ಜೊತೆಗೆ ಬಂದಿದ್ದ ಆಳುಗಳು ಹಾರೆ ಕೆಳಗಿಟ್ಟು ಕೈಮುಗಿದರು. ರೈಲಿನ ದಾರಿ ಹಿಂದಿನ ಬೀದಿಗೆ ಸರಿಯಿತು. ಪುಟ್ಟಗೌರಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಅಡಿಕೆ ಹಾಕಿಕೊಂಡಳು.

ಆಷಾಢ ಬಂತು. ಶುಕ್ರವಾರ ಶುಕ್ರವಾರ ನಿಂಬೆಹಣ್ಣಿನ ದೀಪ ಹಿಡಿದು ಊರಿಗೆ ಊರೇ ಕಲ್ಲಮ್ಮನ ಮುಂದೆ ಸಾಲುಗಟ್ಟಿತು.

ದೀಪಾವಳಿ ಹೊತ್ತಿಗೆ ಎಂಜಿನಿಯರ್ ಮತ್ತೆ ಬಂದ. ಈ ಸಲ ಮೊದಲು ಕಲ್ಲಿಗೆ ಅಡ್ಡಬಿದ್ದು, ಆಮೇಲೆ ನಕ್ಷೆ ಬಿಡಿಸಿದ.

"ಭಕ್ತರ ಒತ್ತಾಯಕ್ಕೆ ದಾರಿ ವಾಪಸ್ ಇಲ್ಲಿಗೇ ಬಂತಮ್ಮ. ತಾಯಿನ ನಾವು ಮುಟ್ಟಲ್ಲ. ಸ್ಟೇಷನ್ ಕಟ್ಟೋದಕ್ಕೆ ನಿಮ್ಮ ಮನೆ ಪೂರ್ತಿ ಬೇಕು."